ಕಟ್ಟೆಯ ಮೇಲೆ ಇರದಿದ್ದ ಚೀಲ

ಆ ಚೀಲ ಕಟ್ಟೆಯ ಮೇಲೆ ಇರಲಿಲ್ಲ. ನನ್ನ ಕೋಣೆಯ ಕಪಾಟಿನಲ್ಲಿ, ಮಡಚಿಟ್ಟ ಸೀರೆಗಳ ಹಿಂದೆ ಇತ್ತು. ಗಾಡಿಯಿಂದ ಅದನ್ನು ತೆಗೆದು ಅಲ್ಲಿ ಬಚ್ಚಿಟ್ಟವಳು ನಾನು. ಅದಿಲ್ಲದ್ದಕ್ಕೆ ನನ್ನ ತಂಗಿ ನೀಲಾ ಸತ್ತಳು. ಅದನ್ನು ಮರೆತು ಬಂದವನು ತಾನೇ ಎಂದು ನಂಬಿಕೊಂಡು ನನ್ನ ತಮ್ಮ ಶರಣಪ್ಪ ಇಷ್ಟು ವರ್ಷ ಬದುಕಿದ — ಅದನ್ನು ಬದುಕು ಅನ್ನಬಹುದಾದರೆ. ಅವನು ಹಾಗೆ ನಂಬಲಿ ಎಂದು ಸುಳ್ಳು ಹೇಳಿದವಳೂ ನಾನೇ.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಸುತ್ತು ಹಾಕಿ ಹೇಳಲು ಹೊರಟರೆ ನಡುವೆ ಎಲ್ಲೋ ನನ್ನನ್ನು ನಾನೇ ಕಾಪಾಡಿಕೊಳ್ಳುತ್ತೇನೆ. ಅದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ.

ನಾನು ಯಲಬುರ್ಗಾದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ನಾವು ಮೂವರು ಮಕ್ಕಳು: ನಾನು ಹಿರಿಯಳು, ನಂತರ ಶರಣಪ್ಪ, ಎಲ್ಲರಿಗಿಂತ ಚಿಕ್ಕವಳು ನೀಲಾ. ಅಪ್ಪ ಬೇಗ ತೀರಿಹೋದ. ಮನೆಯ ದೊಡ್ಡ ನಿರ್ಧಾರಗಳೆಲ್ಲ ನನ್ನ ಕೈಗೆ ಬಂದವು. ಬಂದವು ಅನ್ನುವುದಕ್ಕಿಂತ ನಾನೇ ತೆಗೆದುಕೊಂಡೆ ಅನ್ನುವುದು ಸರಿ. ನೀಲಾಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬರುವಂಥದ್ದಲ್ಲ. ಊಟಕ್ಕೆ ಮೊದಲು ಪ್ರತಿ ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದದ್ದು. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಸರಕ್ಕನೆ ಇಳಿಯುತ್ತಿತ್ತು. ಮೈ ಬೆವರುವುದು, ಕೈ ನಡುಗುವುದು, ಆಮೇಲೆ ಮಾತು ತೊದಲುವುದು. ಅಷ್ಟರೊಳಗೆ ಸಿಹಿ ಬಾಯಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎದ್ದು ನಗುತ್ತಿದ್ದಳು. ಬೀಳದಿದ್ದರೆ —

ಶರಣಪ್ಪ ಆಗ ಗಾಡಿ ಓಡಿಸುತ್ತಿದ್ದ. ಹಳೆಯ ಬಿಳಿ ಕಾರೊಂದನ್ನು ಕೊಂಡು, ಸಾಣಾಪುರದ ಕೆರೆ, ಆನೆಗೊಂದಿ ನೋಡಲು ಬರುವವರನ್ನು ಕರೆದುಕೊಂಡು ತಿರುಗುತ್ತಿದ್ದ. ಆ ಗಾಡಿಯಲ್ಲಿ ನೀಲಾಳಿಗೆಂದೇ ಒಂದು ಚೀಲ ಇಟ್ಟಿದ್ದ. ಕೆಂಪು ಬಣ್ಣದ್ದು, ಜಿಪ್ಪು ಹಾಕುವಂಥದ್ದು. ಅದರಲ್ಲಿ ರಕ್ತದ ಸಕ್ಕರೆ ನೋಡುವ ಪುಟ್ಟ ಮಷೀನು, ಗ್ಲೂಕೋಸ್ ಪುಡಿ, ಬಿಸ್ಕೀಟು, ಎಚ್ಚರ ತಪ್ಪಿದಾಗ ತೊಡೆಗೆ ಚುಚ್ಚುವ ಒಂದು ಇಂಜೆಕ್ಷನ್. ಆ ಇಂಜೆಕ್ಷನ್ ನಮ್ಮ ಕಡೆ ಸಿಗುತ್ತಿರಲಿಲ್ಲ. ನೀಲಾಳನ್ನು ನೋಡುತ್ತಿದ್ದ ಡಾಕ್ಟರು ದೂರದಿಂದ ತರಿಸಿಕೊಟ್ಟಿದ್ದರು. ಅದನ್ನು ಹೇಗೆ ಚುಚ್ಚಬೇಕೆಂದು ಶರಣಪ್ಪ ಅವರ ಎದುರಿಗೇ ಕೂತು ಕಲಿತುಬಂದಿದ್ದ. ಚಾಲಕನ ಸೀಟಿನ ಬೆನ್ನಿಗೆ, ಹಿಂದೆ ಕೂತವರ ಕಣ್ಣಿಗೆ ಬೀಳುವಂತೆ, ಪ್ಲಾಸ್ಟಿಕ್ ಹಾಕಿಸಿದ ಒಂದು ಕಾರ್ಡು ನೇತಾಡುತ್ತಿತ್ತು. ನೀಲಾಳ ಹೆಸರು, ಕಾಯಿಲೆ, ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು. ದೊಡ್ಡ ಅಕ್ಷರದಲ್ಲಿ ಕೊನೆಯ ಸಾಲು: ಎಚ್ಚರ ಇಲ್ಲದಾಗ ಬಾಯಿಗೆ ತಿಂಡಿ, ನೀರು ಹಾಕಬೇಡಿ. ಆ ಅಕ್ಷರ ನನ್ನದೇ. ಅವನ ಕೈಬರಹ ಚೆನ್ನಾಗಿಲ್ಲವೆಂದು ನನ್ನಿಂದ ಬರೆಸಿದ್ದ.

ನಮ್ಮ ಭಾಗದ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಿಂತ ಗಾಡಿಯೊಳಗೆ ಕೈಯಿಟ್ಟರೆ ಸುಡುತ್ತದೆ. ಅದಕ್ಕೆ ಶರಣಪ್ಪ ಗಾಡಿ ನಿಲ್ಲಿಸಿದಾಗಲೆಲ್ಲ ಚೀಲವನ್ನು ಕೆಳಗಿಳಿಸಿ ನೆರಳಿಗೆ ಒಯ್ಯುತ್ತಿದ್ದ. ಮನೆಗೆ ಬಂದರೆ ನಮ್ಮ ಬಾಗಿಲ ಮುಂದಿನ ಕಟ್ಟೆಯ ಮೇಲೆ ಇಡುತ್ತಿದ್ದ. ಅಲ್ಲಿ ದಿನವೆಲ್ಲ ಬೇವಿನ ನೆರಳು. ಹೊರಡುವಾಗ ಮೊದಲು ಚೀಲ, ಆಮೇಲೆ ಚಾವಿ. "ಇಷ್ಟ್ಯಾಕ ಹೊತ್ತೊಂಡ ತಿರಗತೀಯೋ, ಕೂಸಿದ್ಹಂಗ" ಎಂದು ನೀಲಾ ಅವನನ್ನು ಕಾಡುತ್ತಿದ್ದಳು. ಅವನು ಚೀಲವನ್ನು ಇನ್ನಷ್ಟು ನೆರಳಿಗೆ ಸರಿಸುತ್ತಿದ್ದ.

ಇಳಿಸುವುದು, ಏರಿಸುವುದು — ಈ ರೂಢಿ ಇದ್ದದ್ದರಿಂದಲೇ ನನ್ನ ಸುಳ್ಳು ಅಷ್ಟು ಸುಲಭವಾಗಿ ನಿಂತಿತು.

ನೀಲಾಳಿಗೆ ಬಂದ ಎರಡು ಸಂಬಂಧಗಳು ಕಾಯಿಲೆಯ ವಿಷಯ ಹೇಳಿದ ಕೂಡಲೇ ಮುರಿದುಬಿದ್ದಿದ್ದವು. ಮೂರನೆಯದು ಕುಷ್ಟಗಿಯದು. ಹುಡುಗ ಸರ್ಕಾರಿ ನೌಕರಿಯವನು, ಒಳ್ಳೆಯ ಮನೆತನ, ನೀಲಾಳಿಗೂ ಮನಸ್ಸಾಗಿತ್ತು. ಈ ಸಲ ಹೇಳುವುದು ಬೇಡವೆಂದು ನಾನು ತೀರ್ಮಾನಿಸಿದೆ.

ಶರಣಪ್ಪ ಒಪ್ಪಲಿಲ್ಲ. "ಹೇಳೂಣು ಅಕ್ಕಾ. ನಾಳೆ ಗೊತ್ತಾದ್ರ ಆಕಿಗೇ ತ್ರಾಸು" ಅಂದ.

"ಲಗ್ನ ಆಗ್ಲಿ. ಆಮ್ಯಾಲ ನಾನ ಹೇಳ್ತೀನಿ. ನೀ ಸುಮ್ನಿರು" ಅಂದೆ.

ನೀಲಾ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು, ಸುಮ್ಮನಾದಳು. ಆ ಮನೆಯಲ್ಲಿ ನಾನು ಸುಮ್ಮನಿರು ಅಂದ ಮೇಲೆ ಎಲ್ಲರೂ ಸುಮ್ಮನಿರುತ್ತಿದ್ದರು.

ಸಂಬಂಧ ಕುದುರಿತು. ಮದುವೆಯ ಜವಳಿ ತೆಗೆಯುವ ದಿನ ಬಂತು. ನಾವು ಮೂವರೂ ಯಲಬುರ್ಗಾದಿಂದ ಕುಷ್ಟಗಿಗೆ ಹೋಗಿ, ಅಲ್ಲಿಂದ ಹುಡುಗನ ತಾಯಿಯನ್ನೂ ಅಕ್ಕನನ್ನೂ ಇದೇ ಗಾಡಿಯಲ್ಲಿ ಕೂರಿಸಿಕೊಂಡು ಗಂಗಾವತಿಗೆ ಹೋಗುವುದು ಎಂದಾಗಿತ್ತು. ಅವ್ವ ತಳಕಲ್ಲಿನಲ್ಲಿ ನಮ್ಮ ಸೋದರಮಾವನ ಮನೆಯಲ್ಲಿದ್ದಳು. ಗಂಡ ಸತ್ತವಳು ಜವಳಿಗೆ ಬರಬಾರದೆಂದು ತಾನೇ ಹಿಂದೆ ಸರಿದಿದ್ದಳು. ಹೋಗುವ ಮೊದಲು ಶರಣಪ್ಪನಿಗೆ, "ತಂಗೀನ್ನ ನಿನ್ನ ಕೈಯಾಗ ಕೊಟ್ಟೀನಿ, ಜ್ವಾಕಿ" ಎಂದು ಹೇಳಿದ್ದಳು.

ಬೆಳಿಗ್ಗೆ ಅವನು ಗಾಡಿ ತೊಳೆದು, ಚೀಲವನ್ನು ಮುಂದಿನ ಎಡ ಸೀಟಿನ ಕೆಳಗಿಟ್ಟು, ಸ್ನಾನಕ್ಕೆ ಹೋದ. ನಾನು ಗಾಡಿಯ ಬಾಗಿಲು ತೆಗೆದು ನೋಡಿದೆ. ಬೀಗತಿಯಾಗುವ ಹುಡುಗನ ತಾಯಿ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಕೂತ ಕೂಡಲೇ ಕಣ್ಣೆದುರಿಗೆ ಆ ಕಾರ್ಡು. ಮೊದಲು ಕಾರ್ಡನ್ನು ಬಿಚ್ಚಿದೆ. ಮುಂದಿನ ಸೀಟಿನಲ್ಲಿ ಹುಡುಗನ ಅಕ್ಕ ಕೂತು ಕಾಲು ಚಾಚಿದರೆ ಚೀಲ ತಗಲುತ್ತದೆ, ಇದೇನು ಎಂದು ತೆಗೆದು ನೋಡುತ್ತಾಳೆ — ಅದನ್ನೂ ತೆಗೆದೆ. ಡಿಕ್ಕಿಯಲ್ಲಿ ಬಟ್ಟೆಯ ಅಡಿಗೆ ಇಡಬಹುದಿತ್ತು. ನನ್ನ ಕೈಚೀಲದಲ್ಲಿ ಒಂದು ಹಿಡಿ ಸಕ್ಕರೆ ಕಟ್ಟಿಕೊಳ್ಳಬಹುದಿತ್ತು. ಯಾವುದೂ ಹೊಳೆಯಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನು ಹೇಳಿಕೊಂಡೆ. ಹೊಳೆದಿತ್ತು. ಒಂದೇ ದಿನದ ಮಾತು, ಏನೂ ಆಗುವುದಿಲ್ಲ ಅಂದುಕೊಂಡೆ. ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ತಿರುವಿದೆ. ಶರಣಪ್ಪ ಸ್ನಾನ ಮುಗಿಸಿ ಬಂದಾಗ ನೀಲಾಳ ಸೆರಗಿಗೆ ಪಿನ್ನು ಹಾಕುತ್ತಿದ್ದೆ. ಚೀಲ ಇಟ್ಟಿದ್ದೇನೆಂಬ ನೆಚ್ಚಿಕೆಯಲ್ಲಿ ಅವನು ಮತ್ತೆ ಬಗ್ಗಿ ನೋಡಲಿಲ್ಲ. ಹೊರಡುವ ಅವಸರವನ್ನು ನಾನೇ ಎಬ್ಬಿಸಿದ್ದೆ.

ಕುಷ್ಟಗಿಯಲ್ಲಿ ಗಾಡಿಯನ್ನೇ ನೆರಳಿಗೆ ನಿಲ್ಲಿಸು, ಬೀಗರ ಮುಂದೆ ಚೀಲ ಇಳಿಸಬೇಡ ಎಂದು ಶರಣಪ್ಪನಿಗೆ ದಾರಿಯಲ್ಲೇ ಹೇಳಿದ್ದೆ. ಚಹಾ ಆಯಿತು, ಮಾತಾಯಿತು. ಬೀಗತಿ ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. "ಅಡಗಿ ಆಗೈತ್ರಿ, ಕೈಕಾಲ್ ತೊಳ್ಕೋರಿ, ಉಂಡ ಹೋಗೂಣು" ಅಂದಳು. ನೀಲಾ ಬಚ್ಚಲಿಗೆ ಹೋಗಿ ಬಂದಳು. ಪರ್ಸಿನಲ್ಲಿದ್ದ ಇನ್ಸುಲಿನ್ ಚುಚ್ಚಿಕೊಂಡಳೆಂದು ಅವಳು ಬಂದ ರೀತಿಯಿಂದಲೇ ನನಗೆ ತಿಳಿಯಿತು. ಅಷ್ಟರಲ್ಲಿ ಆ ಮನೆಯ ಹಿರಿಯರೊಬ್ಬರು ಹೊರಗಿನಿಂದ ಬಂದು, ರಾಹುಕಾಲ ಹತ್ತಿರ ಬಂತು, ಜವಳಿಗೆ ಹೋಗುವವರು ಈಗಲೇ ಹೊಸ್ತಿಲು ದಾಟಬೇಕು ಅಂದರು. ಹಾಕಿದ ಎಲೆಗಳನ್ನು ಎತ್ತಿದರು. "ಗಂಗಾವತ್ಯಾಗ ಉಂಡ್ರಾತು, ಏಳ್ರಿ ಏಳ್ರಿ" ಎಂದು ಬೀಗತಿ ಎಲ್ಲರನ್ನೂ ಎಬ್ಬಿಸಿದಳು.

ನೀಲಾ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಗಾಡಿ ಹತ್ತುವಾಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಕ್ಕಾ, ಚೀಲ ಗಾಡ್ಯಾಗ ಐತಲ್ಲ?"

ಬೀಗತಿ ಎರಡು ಮಾರು ದೂರದಲ್ಲಿದ್ದಳು. ನಾನು ಅಂದೆ — "ಐತಿ. ಹತ್ತು."

ಈ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲೂ ಇದನ್ನು ಮಾತ್ರ ಬಿಟ್ಟೇ ಹೇಳುತ್ತಿದ್ದೆ. ಇಲ್ಲ ಅಂದಿದ್ದರೆ ಅವಳು ಮನೆಯೊಳಗೆ ಹೋಗಿ ಒಂದು ತುತ್ತು ಕೇಳಿ ತಿಂದು ಬರುತ್ತಿದ್ದಳು. ನಾಚಿಕೆಯ ಹುಡುಗಿಯಲ್ಲ ಅವಳು. ನನ್ನನ್ನು ನಂಬಿ ಹತ್ತಿದಳು.

ಮುಂದೆ ಶರಣಪ್ಪ, ಅವನ ಪಕ್ಕ ಹುಡುಗನ ಅಕ್ಕ. ಹಿಂದೆ ಬೀಗತಿ, ನಡುವೆ ನಾನು, ಕಿಟಕಿಗೆ ನೀಲಾ. ಬೀಗತಿಯ ತೊಡೆಯ ಮೇಲೆ ಪೇಢೆಯ ಡಬ್ಬಿ. ಗಂಗಾವತಿಯಲ್ಲಿ ಅವರ ನೆಂಟರ ಮನೆಗೆ ಕೊಡಲೆಂದು ತಂದದ್ದು. ತಾವರಗೇರಾ ಬರುವ ಮೊದಲೇ ನೀಲಾಳ ಕೈ ನನ್ನ ಕೈಯನ್ನು ಹುಡುಕಿತು. ಒದ್ದೆಯಾಗಿತ್ತು. "ಚೀಲ" ಅಂದಳು, ಉಸಿರಿನಷ್ಟೇ ಮೆಲ್ಲಗೆ. ನಾನು ಕೈ ಒತ್ತಿದೆ. "ಚೂರು ತಡಿ" ಅಂದೆ. ತಾವರಗೇರಾದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯೋಣವೇ ಎಂದು ಕೇಳಿದೆ. ಬೀಗತಿ, "ಬ್ಯಾಡ್ರಿ, ಮೊದ್ಲ ಗಂಗಾವತಿ ಮುಟ್ಟೂಣು" ಅಂದಳು. ನಾನು ಎರಡನೆಯ ಸಲ ಕೇಳಲಿಲ್ಲ. ಸಾಲು ಅಂಗಡಿಗಳು ಕಿಟಕಿಯಲ್ಲಿ ಹಿಂದೆ ಸರಿದು ಹೋದವು.

ಆಮೇಲೆ ನೀಲಾ ತಲೆಯನ್ನು ಗಾಜಿಗೆ ಆನಿಸಿ ಏನೋ ಗೊಣಗತೊಡಗಿದಳು. ಬೀಗತಿ ಮುಂದಕ್ಕೆ ಬಗ್ಗಿ ನೋಡಿದಳು.

"ಯಾಕ ಹುಡುಗಿ ಹಂಗ ಮಾಡಾಕತ್ಯಾಳ?"

"ಗಾಡಿ ಆಗಿಬರೂದಿಲ್ರಿ ಆಕಿಗೆ. ಹೊಟ್ಟಿ ತೊಳಸತೈತಿ. ಮಕ್ಕೊಂಡ್ರ ಸರಿ ಹೋಗತಾಳ."

ಪೇಢೆಯ ಡಬ್ಬಿ ನನ್ನ ಮೊಣಕೈಗೆ ತಗಲುತ್ತಿತ್ತು. ಒಂದು ಪೇಢೆ ಕೊಡ್ರಿ ಅಂದರೆ ಮುಗಿಯುತ್ತಿತ್ತು. ಆದರೆ ಹೊಟ್ಟೆ ತೊಳಸುತ್ತದೆ ಎಂದು ಹೇಳಿಯಾಗಿತ್ತು. ವಾಂತಿ ಬರುವ ಹುಡುಗಿಗೆ ಸಿಹಿ ಯಾಕೆ ಎಂದು ಕೇಳಿದರೆ — ಒಂದು ಸುಳ್ಳು ಇನ್ನೊಂದರ ಬಾಯಿ ಕಟ್ಟಿಹಾಕಿತ್ತು. ಇನ್ನು ಸ್ವಲ್ಪ ದೂರ, ಇನ್ನು ಸ್ವಲ್ಪ ದೂರ ಎಂದು ನಾನು ರಸ್ತೆಯನ್ನೇ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ನನ್ನ ತಂಗಿ ತಣ್ಣಗಾಗುತ್ತಿದ್ದಳು.

ಗೊಣಗಾಟ ಕೇಳಿ ಶರಣಪ್ಪ ಕನ್ನಡಿಯಲ್ಲಿ ನೋಡಿದ. ಗಾಡಿ ಗಕ್ಕನೆ ನಿಂತಿತು. ಕನಕಗಿರಿ ಇನ್ನೂ ಬಂದಿರಲಿಲ್ಲ. ಎರಡೂ ಕಡೆ ಬಂಡೆಗಲ್ಲು, ಜಾಲಿ, ಒಂದು ಮನೆಯೂ ಇಲ್ಲ. ಅವನು ಯಾರ ಮುಲಾಜೂ ನೋಡಲಿಲ್ಲ. "ಸಕ್ರಿ ಇಳದೈತಿ ಆಕಿಗೆ! ಇಳೀರಿ, ಇಳೀರಿ" ಎಂದು ಹುಡುಗನ ಅಕ್ಕನನ್ನು ಇಳಿಸಿ ಸೀಟಿನ ಕೆಳಗೆ ಕೈ ಹಾಕಿದ. ಇನ್ನೊಂದು ಸಲ ಹಾಕಿದ. ಡಿಕ್ಕಿ ತೆಗೆದ. ಸ್ಟೆಪ್ನಿ ಎತ್ತಿ ಒಗೆದ.

"ಅಕ್ಕಾ, ಚೀಲ ಇಲ್ಲ."

ಆ ದನಿ ನನ್ನ ಕಿವಿಯಿಂದ ಹೋಗಿಲ್ಲ. ನಾನು ಏನು ಮಾಡಿದೆ ಗೊತ್ತೇ? ಗಾಡಿಯಿಂದ ಇಳಿದು ನಾನೂ ಹುಡುಕಿದೆ. ಮೊಣಕಾಲೂರಿ ಸೀಟುಗಳ ಅಡಿಗೆ ಕಣ್ಣು ಹಾಯಿಸಿದೆ. ಎಲ್ಲಿದೆಯೆಂದು ಗೊತ್ತಿದ್ದವಳು, ಇಲ್ಲದ ಕಡೆಯಲ್ಲೆಲ್ಲ ಕೈಯಾಡಿಸಿದೆ.

ಅಷ್ಟರಲ್ಲಿ ಬೀಗತಿ ಡಬ್ಬಿ ಬಿಚ್ಚಿ ಪೇಢೆ ಮುರಿದು ನೀಲಾಳ ಬಾಯಿಗೆ ತುರುಕುತ್ತಿದ್ದಳು. "ತಿನ್ನವಾ, ನನ್ನ ತಾಯಿ, ತಿನ್ನು" ಎಂದು ಅಳುತ್ತಿದ್ದಳು. ನೀಲಾಳ ಕಣ್ಣುಗಳು ಮೇಲೆ ಸಿಕ್ಕಿಕೊಂಡಿದ್ದವು. ಬಾಟ್ಲಿಯಿಂದ ನೀರು ಹಾಕಿದಳು. ನೀಲಾ ಕೆಮ್ಮಿದಳು, ಅದು ಕೆಮ್ಮಿನಂತೆಯೂ ಇರಲಿಲ್ಲ. ಶರಣಪ್ಪ ಡಿಕ್ಕಿಯ ಹತ್ತಿರವಿದ್ದ, ಅವನಿಗೆ ಕಾಣಲಿಲ್ಲ. ನನಗೆ ಕಾಣುತ್ತಿತ್ತು. ಹಾಕಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದ ಕೈ ನನ್ನದು. ಬೇಡವೆಂದು ಬಾಯಿ ತೆರೆಯಲಿಲ್ಲ. ಬೀಗತಿ ಕೆಟ್ಟದ್ದು ಮಾಡಲಿಲ್ಲ. ಅವಳಿಗೆ ತಿಳಿಸುವವರು ಯಾರೂ ಇರಲಿಲ್ಲ, ಅಷ್ಟೇ.

ಗಂಗಾವತಿಯ ಒಂದು ಆಸ್ಪತ್ರೆಗೆ ಮುಟ್ಟಿಸಿದೆವು. ಸೂಜಿ ಚುಚ್ಚಿ ಗ್ಲೂಕೋಸ್ ಏರಿಸಿದರು. ಸಕ್ಕರೆ ಏರಿತು, ನೀಲಾ ಏಳಲಿಲ್ಲ. ಬಹಳ ಹೊತ್ತು ಹಾಗೇ ಬಿಟ್ಟಿದ್ದೀರಿ, ಎದೆಗೂ ನೀರು ಇಳಿದಿದೆ ಎಂದು ಡಾಕ್ಟರು ಹೇಳಿದರು. ತಳಕಲ್ಲಿನಿಂದ ಅವ್ವ ಬಂದಳು. ಶರಣಪ್ಪ ಆಸ್ಪತ್ರೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ.

"ಇಟ್ಟಿದ್ದೆ ಅಕ್ಕಾ. ಇಟ್ಟಂಗ ನೆನಪೈತಿ. ಗಾಡಿ ತೊಳಿಯೂಮುಂದ ಕಟ್ಟಿ ಮ್ಯಾಲ ಬಿಟ್ಟೆನೇನೋ... ಊರಿಗೆ ಹ್ವಾದ್ರ ಒಂಚೂರು ನೋಡು."

ಮರುದಿನ ಅವ್ವನಿಗೂ ನನಗೂ ಬಟ್ಟೆ ತರಲು ನಾನು ಊರಿಗೆ ಬಂದೆ. ಕಪಾಟಿನಿಂದ ಚೀಲ ತೆಗೆದೆ. ಗಂಗಾವತಿಗೆ ಹೋಗುವ ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು. ನಿಜ ಹೇಳುತ್ತೇನೆ ಎಂದುಕೊಂಡೇ ಬಸ್ಸಿನಲ್ಲಿ ಕೂತಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವ್ವ ಮತ್ತು ಅವನು, ಇಬ್ಬರೂ ಇದ್ದರು. ಇಬ್ಬರೂ ಚೀಲವನ್ನೇ ನೋಡಿದರು.

"ಕಟ್ಟಿ ಮ್ಯಾಲ ಇತ್ತು" ಅಂದೆ.

ಶರಣಪ್ಪ ಚೀಲ ತೆಗೆದುಕೊಳ್ಳಲು ಕೈಯೆತ್ತಿದವನು ಹಾಗೇ ನಿಂತ. ಅವ್ವ ಅವನ ಕಡೆ ತಿರುಗಿದಳು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ನಿನ್ನ ಕೈಯಾಗ ಕೊಟ್ಟಿದ್ದೆನಲ್ಲೋ" ಅಂದಳು. ಅಷ್ಟೇ.

ನಾನು ಅವನ ಹೆಗಲ ಮೇಲೆ ಕೈಯಿಟ್ಟು, "ಆಗೂದು ಆಗಿಹೋತು, ಬಿಡು ತಮ್ಮಾ" ಅಂದೆ. ಅವನು ನನ್ನ ಕೈಯನ್ನು ಹಣೆಗೊತ್ತಿಕೊಂಡು ಅತ್ತ. ನಾನು ಮಾಡಿದ್ದಕ್ಕೆ ಅವನನ್ನು ಕ್ಷಮಿಸಿದೆ. ನೀಲಾ ಇನ್ನೂ ಒಳಗೆ ಉಸಿರಾಡುತ್ತಿದ್ದಳು. ಕೆಲವೇ ದಿನ.

ಕಾರ್ಡನ್ನು ಯಾರೂ ನೋಡದಾಗ ಗಾಡಿಯಲ್ಲಿ ಮೊದಲಿನ ಜಾಗಕ್ಕೇ ನೇತುಹಾಕಿದ್ದೆ. ಶರಣಪ್ಪ ಗಾಡಿ ಮಾರಿದ. ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅಲ್ಲೇ ಮದುವೆಯಾದ, ಒಂದು ಹೆಣ್ಣುಮಗು. ಮತ್ತೆ ಎಂದೂ ಸ್ಟೇರಿಂಗ್ ಹಿಡಿಯಲಿಲ್ಲ. ಮನೆಯಿಂದ ಹೊರಟವನು ತಿರುಗಿ ಬಂದು ಬೀಗ ನೋಡುತ್ತಾನೆ, ಮತ್ತೆ ತಿರುಗಿ ಬಂದು ಗ್ಯಾಸು ನೋಡುತ್ತಾನೆ ಎಂದು ಅವನ ಹೆಂಡತಿ ರೇಣುಕಾ ಒಮ್ಮೆ ನಗುತ್ತಾ ಹೇಳಿದ್ದಳು. ನಾನೂ ನಕ್ಕಿದ್ದೆ. ಅವ್ವ ನನ್ನ ಜೊತೆ ಯಲಬುರ್ಗಾದಲ್ಲಿ ಉಳಿದಳು. ಮಗನ ಮನೆಗೆ ಹೋಗಲಿಲ್ಲ. ಮೊಮ್ಮಗಳ ಹೆಸರಿಡುವ ದಿನ ಹೋದವಳು ನೀರು ಸಹ ಮುಟ್ಟದೆ ಬಂದಳು. ಅವನು ನಮ್ಮಲ್ಲಿಗೆ ಬಂದರೆ ಅವಳು ಒಳಗಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅವನು ಬಾಗಿಲಲ್ಲಿ ನಿಂತು "ಯವ್ವಾ, ಆರಾಮಿದ್ದೀ?" ಎನ್ನುತ್ತಿದ್ದ. ಒಳಗಿನಿಂದ "ಹೂಂ" ಎಂದು ಕೇಳಿಸುತ್ತಿತ್ತು. ಆ ಹೂಂ ಕೇಳಲಿಕ್ಕೆಂದೇ ಕಾರಟಗಿಯಿಂದ ಬಸ್ಸು ಬದಲಿಸಿ ಬರುತ್ತಿದ್ದ. ಇಬ್ಬರ ನಡುವೆ ನಾನು ಚಹಾ ಲೋಟ ಹಿಡಿದು ಓಡಾಡುತ್ತಿದ್ದೆ. ಎಂಥ ಒಳ್ಳೆಯ ಮಗಳು, ಎಂಥ ಒಳ್ಳೆಯ ಅಕ್ಕ ಎಂದು ಓಣಿಯವರು ಹೇಳುತ್ತಿದ್ದರು.

ಹೀಗೆಯೇ ಮುಗಿದುಹೋಗುತ್ತಿತ್ತೇನೋ. ಕಳೆದ ತಿಂಗಳು ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಮಕ್ಕಳನ್ನು ಕರೆತರುವ ಗಾಡಿಗಳ ಚಾಲಕರನ್ನೂ ಕರೆಸಿದ್ದೆವು. ಪ್ರತಿ ಗಾಡಿಯಲ್ಲಿ ಔಷಧಿಯ ಪೆಟ್ಟಿಗೆ ಇರಬೇಕು, ಕಾಯಿಲೆಯಿರುವ ಮಕ್ಕಳ ವಿವರ ಕೈಗೆ ಸಿಗುವಂತಿರಬೇಕು, ಬಿಸಿಲಿಗೆ ಕೆಡುವ ಔಷಧಿಯನ್ನು ನಿಂತ ಗಾಡಿಯಲ್ಲಿ ಬಿಡಬಾರದು — ಇದನ್ನು ನಾನೇ ಹೇಳಬೇಕಿತ್ತು. ಹೇಳುತ್ತಾ ಹೋದೆ. ಹಿಂದಿನ ಸಾಲಿನವರು ಮೊಬೈಲು ನೋಡುತ್ತಿದ್ದರು. ಅವರ ಕಿವಿ ನನ್ನ ಕಡೆ ತಿರುಗಲೆಂದು ನಾನು ಮೈಕಿನಲ್ಲಿ ಅಂದೆ: "ನನ್ನ ಸ್ವಂತ ತಮ್ಮ ಒಂದು ದಿನ ಒಂದು ಚೀಲ ಮರೆತ. ನನ್ನ ತಂಗಿ ಹೋದಳು."

ಹಿಂದಿನ ಸಾಲಿನವರು ಮೊಬೈಲಿನಿಂದ ತಲೆಯೆತ್ತಿದರು. ಕೆಲವು ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಅದೇನೂ ನಟನೆಯಾಗಿರಲಿಲ್ಲ. ಅದೇ ಹೆದರಿಕೆಯ ವಿಷಯ. ಸುಳ್ಳು ನನ್ನೊಳಗೆ ಅಷ್ಟು ಬೇರೂರಿ, ನಾನೇ ಅದಕ್ಕೆ ಅಳುವಂತಾಗಿತ್ತು.

ಯಾರೋ ಅದನ್ನು ವಿಡಿಯೋ ಮಾಡಿದ್ದರು. ಅದು ಕೈಯಿಂದ ಕೈಗೆ ಹೋಗಿ ಕಾರಟಗಿ ಮುಟ್ಟಿತು. ರೇಣುಕಾ ಫೋನು ಮಾಡಿದಳು. ಯಾವಾಗಲೂ ಮೆತ್ತಗೆ ಮಾತಾಡುವವಳು.

"ಊರ ಮುಂದ ಹೇಳಿದ್ರಲ್ಲ ಅಕ್ಕಾರ... ಗಿರಣ್ಯಾಗ ಎಲ್ಲಾರೂ ನೋಡ್ಯಾರಂತ. ಇವ್ರು ಉಣವಲ್ರು. ಮಗಳನ್ನ ಸೈಕಲ್ ಮ್ಯಾಲ ಸಾಲಿಗೆ ಬಿಡಾಕೂ ಒಲ್ಲೆ ಅಂತಾರ. ನನ್ನ ಕೈಯಾಗ ಯಾರನ್ನೂ ಕೊಡಬ್ಯಾಡ ಅಂತಾರ."

ಆ ಭಾನುವಾರ ನಾನು ಕಾರಟಗಿಗೆ ಹೋದೆ. ಮಗು ನೆರೆಮನೆಗೆ ಆಡಲು ಹೋಗಿತ್ತು. ಶರಣಪ್ಪ ನನ್ನನ್ನು ಕಂಡು ಎದ್ದು ಕುರ್ಚಿ ಸರಿಸಿ, "ಬಾ ಅಕ್ಕಾ" ಅಂದ. ನನ್ನ ಮೇಲೆ ಸಿಟ್ಟಿರಲಿಲ್ಲ ಅವನಿಗೆ. ಸಭೆಯಲ್ಲಿ ನಾನು ನಿಜವನ್ನೇ ಹೇಳಿದ್ದೇನೆಂದು ಅವನ ನಂಬಿಕೆ. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕಾರ್ಡು ಬಿಚ್ಚಿದ್ದು, ಚೀಲ ತೆಗೆದದ್ದು, ಕಪಾಟು, ಆಸ್ಪತ್ರೆಯ ಮೆಟ್ಟಿಲು. ರೇಣುಕಾ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಆತುಕೊಂಡಳು.

ಶರಣಪ್ಪ ತನ್ನ ಅಂಗೈ ನೋಡಿಕೊಂಡ. ಕೂಗುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೂ ಸರಿ ಎನಿಸುತ್ತಿತ್ತು. ಅವನು ತಲೆಯೆತ್ತದೆ ಕೇಳಿದ:

"ಕುಷ್ಟಗ್ಯಾಗ ಗಾಡಿ ಹತ್ತೂಮುಂದ ನೀಲಾ ನಿನ್ನ ಕಿವ್ಯಾಗ ಏನೋ ಅಂದ್ಲು. ನಾ ನೋಡೀನಿ. ಏನಂದ್ಲು?"

ಇಷ್ಟು ವರ್ಷ ಅದನ್ನು ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ. ನನ್ನನ್ನು ಅನುಮಾನಿಸಿ ಅಲ್ಲ. ತಂಗಿಯ ಕೊನೆಯ ಮಾತುಗಳಲ್ಲಿ ಒಂದು ತನಗೆ ಕೇಳಿಸದೆ ಹೋಯಿತಲ್ಲ ಎಂಬ ಕೊರಗಿನಿಂದ. ಏನಾದರೂ ಒಂದು ಹೇಳಿಬಿಡಬಹುದಿತ್ತು. ಸೀರೆಯ ಬಣ್ಣದ ಮಾತು ಅಂದಿದ್ದರೆ ನಂಬುತ್ತಿದ್ದ. ನಾಲಿಗೆ ಆ ಕಡೆಗೆ ಹೊರಳಿತ್ತು ಕೂಡ.

"ಚೀಲ ಐತಲ್ಲ ಅಂತ ಕೇಳಿದ್ಲು. ನಾ ಐತಿ ಅಂದೆ" ಅಂದೆ.

ಅವನ ಮುಖ ಆಗ ಹೇಗಾಯಿತೆಂದು ಬರೆಯಲಾರೆ. ಎದ್ದು ಹಿತ್ತಲಿಗೆ ಹೋದ. ನೀರು ಸುರಿದುಕೊಳ್ಳುವ ಸದ್ದು ಕೇಳಿಸುತ್ತಲೇ ಇತ್ತು. ಒದ್ದೆ ತಲೆಯಲ್ಲೇ ಬಂದು ನಿಂತು, "ಅವ್ವಗ ಹೇಳು. ನಾ ಹೇಳೂದಿಲ್ಲ. ನೀನ ಹೇಳಬೇಕು" ಅಂದ. ಅಕ್ಕಾ ಅನ್ನಲಿಲ್ಲ. ಅವತ್ತಿನಿಂದ ಅಂದಿಲ್ಲ.

ರೇಣುಕಾ ಬಾಗಿಲ ತನಕ ಬಂದಳು. "ಊರ ಮುಂದ ಹೇಳಿದ್ದನ್ನ ಊರ ಮುಂದನ ತಿದ್ದಬೇಕ್ರಿ ಅಕ್ಕಾರ" ಅಂದಳು. ಪಾಲಕರನ್ನು ಬರುವ ಶನಿವಾರ ಮತ್ತೆ ಕರೆಸಿದ್ದೇನೆ. ಚಾಲಕರೂ ಬರುತ್ತಾರೆ. ವಿಡಿಯೋ ಮಾಡಿದವನನ್ನು ಹುಡುಕಿ, ಈ ಸಲವೂ ಮಾಡು ಎಂದು ಹೇಳಿದ್ದೇನೆ. ಆಮೇಲೆ ಆ ಶಾಲೆಯಲ್ಲಿ ನನ್ನ ಮುಖ ಯಾರಿಗೆ ಬೇಕಾಗುತ್ತದೆ, ಗೊತ್ತಿಲ್ಲ. ಅದನ್ನು ಯೋಚಿಸುವ ಹಕ್ಕು ನನಗಿಲ್ಲ.

ಅದಕ್ಕೂ ಮೊದಲು ಅವ್ವ. ಕಾರಟಗಿಗೆ ಹೋಗಿಬಂದ ಮರುದಿನ ಬೆಳಿಗ್ಗೆ ಅವಳು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನೀಲಾ ಕೇಳಿದ್ದನ್ನೂ, ನಾನು ಐತಿ ಅಂದದ್ದನ್ನೂ. ಅವಳ ಬೆರಳುಗಳು ಕಾಳಿನ ಮೇಲೆ ನಿಂತವು. ಕಲ್ಲೊಂದನ್ನು ಹೆಕ್ಕಿದಳು, ಪಕ್ಕಕ್ಕಿಟ್ಟಳು. ಮೊರವನ್ನು ಕೆಳಗಿಟ್ಟಳು. ನನ್ನ ಕಡೆ ನೋಡಲೇ ಇಲ್ಲ.

"ಅಂವ ಬಂದಾಗೆಲ್ಲಾ ನಾ ಒಳಗ ಕುಂದರ್ತಿದ್ದೆ" ಅಂದಳು. ನನಗೆ ಹೇಳಿದ್ದಲ್ಲ ಅದು.

ಎದ್ದು ಒಳಗೆ ಹೋದಳು. ಸೀರೆಗಳನ್ನು ಒಂದೊಂದಾಗಿ ಮಡಚಿ ಗಂಟು ಕಟ್ಟಿದಳು. ಹೊರಗೆ ಬಂದು ಹೊಸ್ತಿಲ ಮೇಲೆ ನಿಂತು, "ನನ್ನ ಶರಣ್ಯಾನ ಊರಿಗೆ ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳಿದಳು.

ಬಸ್‌ಸ್ಟ್ಯಾಂಡಿನ ತನಕ ಗಂಟನ್ನು ನನಗೆ ಕೊಡಲಿಲ್ಲ. ಗಂಗಾವತಿಯಲ್ಲಿ ಬಂದು ಕರೆದುಕೊಳ್ಳುವಂತೆ ಶರಣಪ್ಪನಿಗೆ ಫೋನು ಮಾಡಿದೆ. "ನಾನೂ ಗಂಗಾವತಿ ಮಟ ಬರ್ಲೇನವ್ವಾ?" ಎಂದು ಕೇಳಿದೆ.

"ಬ್ಯಾಡ."

ಬಸ್ಸು ಬಂತು. ಮೆಟ್ಟಿಲು ಎತ್ತರ, ಅವಳಿಗೆ ಮೊಣಕಾಲು ನೋವು. ನಾನು ಕೈ ಚಾಚಿದೆ. ಅವಳು ಆ ಕೈಯನ್ನು ದಾಟಿ, ಮುಂದೆ ಹತ್ತುತ್ತಿದ್ದ ಯಾರೋ ಹೆಂಗಸನ್ನು ಕರೆದಳು. "ಯವ್ವಾ, ಒಂಚೂರು ಕೈ ಹಿಡೀತೀ?" ಆ ಹೆಂಗಸು ತಿರುಗಿ ಹಿಡಿದೆಳೆದಳು. ಅವ್ವ ಹತ್ತಿ, ಆಚೆ ಬದಿಯ ಕಿಟಕಿಗೆ ಕೂತಳು. ಬಸ್ಸು ಹೊರಟಿತು. ನನ್ನ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಅಲ್ಲೇ ನಿಂತಿದ್ದೆ.